ಇಲಾರಿಯೋನನ ಬ್ರೆಡ್ಡು, ನಿಕಾನೋರನ ಸೂಟು

ಸುಳ್ಳು ಹೇಳುವವನು ಅಳತೆಪಟ್ಟಿಗೆ ಸಿಗದಂಥ ಸುಳ್ಳನ್ನು ಆರಿಸಿಕೊಳ್ಳಬೇಕು. ಕನಸಿನಲ್ಲಿ ದೇವರನ್ನು ಕಂಡೆ ಎನ್ನಬಹುದು. ಯೌವನದಲ್ಲಿ ಡ್ಯಾನ್ಯೂಬ್ ನದಿಯನ್ನು ಈಜಿ ದಾಟಿದೆ ಎನ್ನಬಹುದು. ನನ್ನ ಎದುರುಮನೆಯ ನಿಕಾನೋರ್ ಮಾತ್ರ ಮಗಳ ನಿಶ್ಚಿತಾರ್ಥದ ದಿನ ಬೀಗರ ಮುಂದೆ ತನ್ನ ಸೊಂಟದ ವಿಷಯದಲ್ಲಿ ಸುಳ್ಳು ಹೇಳಿಬಿಟ್ಟ.

ಬೀಗರ ಹೆಸರು ಲಾಸ್ಕರ್. ಡ್ಯಾನ್ಯೂಬ್ ದಡದ ನಮ್ಮ ಬಂದರುಪಟ್ಟಣ ಬ್ರಾಯಿಲಾದಲ್ಲೇ ಕನ್ನಡಕದ ಅಂಗಡಿ ಇಟ್ಟವರು. ಕೋಟಿನ ಜೇಬಿನಲ್ಲಿ ರೇಷ್ಮೆಯ ಕರವಸ್ತ್ರ, ಅದಕ್ಕೆ ಹೊಂದುವ ಬಣ್ಣದ ಕಾಲುಚೀಲ. ಅವರು ದ್ರಾಕ್ಷಾರಸದ ಗ್ಲಾಸು ಹಿಡಿದು, "ಮದುವೆಗೆ ಸೂಟು ಎಲ್ಲಿ ಹೊಲಿಸ್ತೀರಿ ಬೀಗರೇ? ನಾನಂತೂ ಬುಖಾರೆಸ್ಟಿಗೇ ಹೋಗೋದು. ಇಲ್ಲಿನ ದರ್ಜಿಗಳು ಗೋಣಿಚೀಲಕ್ಕೆ ತೋಳಿಟ್ಟು ಕೋಟು ಅಂತಾರೆ" ಅಂದರು.

"ನಾನ್ಯಾಕೆ ಹೊಲಿಸಲಿ? ನನ್ನ ಮದುವೆ ಸೂಟೇ ಇದೆಯಲ್ಲ. ಇವತ್ತಿಗೂ ಮೈಗೆ ಅಂಟಿದ ಹಾಗೆ ಕೂರುತ್ತೆ" ಅಂದ ನಿಕಾನೋರ್.

ಲಾಸ್ಕರ್ ನಿಕಾನೋರನ ಹೊಟ್ಟೆಯನ್ನು ಒಮ್ಮೆ ನೋಡಿ ಗ್ಲಾಸನ್ನು ತುಟಿಗೆತ್ತಿದರು. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮಗಳು ರುಕ್ಸಾಂದ್ರಾ ಓಡಿ ಬಂದು ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. "ನಿಜವಾಗ್ಲೂ ಅದನ್ನೇ ಹಾಕ್ಕೋತೀಯಾಪ್ಪ? ಅಮ್ಮ ಆರಿಸಿದ ಬಟ್ಟೆ ಅದು!"

ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಇನ್ನು ಮಾತು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ನಿಕಾನೋರ್ ತನ್ನ ಮದುವೆಯ ಆ ಕಡುನೀಲಿ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ನನ್ನ ಬಾಗಿಲು ತಟ್ಟಿದ. ನಾನು ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಕಟ್ಟಡದಲ್ಲಿ ಯಾರ ನಲ್ಲಿ ಸೋರಿದರೂ, ಯಾರ ಹೊಟ್ಟೆ ಉಬ್ಬಿದರೂ ಮೊದಲು ಬರುವುದು ನನ್ನ ಬಳಿಗೆ.

"ಟೀಚರ್, ಉಣ್ಣೆ ಕುಗ್ಗುತ್ತಾ?"

"ಬಿಸಿನೀರಿಗೆ ಹಾಕಿದ್ರೆ ಕುಗ್ಗುತ್ತೆ."

"ಬೀರುವಿನಲ್ಲಿ ಇಟ್ರೆ?"

"ಬೀರುವಿನಲ್ಲಿ ಕುಗ್ಗಲ್ಲ. ಹಾಕ್ಕೊಳ್ಳಿ, ನೋಡೋಣ."

ಹಾಕಿಕೊಂಡ. ಗುಂಡಿಗೂ ಅದರ ತೂತಿಗೂ ನಡುವೆ ನನ್ನ ಅಂಗೈ ಆರಾಮವಾಗಿ ಕೂರುವಷ್ಟು ಜಾಗವಿತ್ತು. ಉಸಿರು ಬಿಗಿಹಿಡಿದಾಗ ಸ್ವಲ್ಪ ಹತ್ತಿರ ಬಂತು ನಿಜ. ಆದರೆ ಉಸಿರಾಡದವರಿಗೆ ಚರ್ಚಿನಲ್ಲಿ ನಡೆಸುವ ವಿಧಿಯೇ ಬೇರೆ.

"ಹೊಸದೊಂದು ಹೊಲಿಸಿಬಿಡಿ ನಿಕಾನೋರ್."

"ಇದ್ದ ದುಡ್ಡೆಲ್ಲ ಮದುವೆ ಹಾಲ್‌ನೋರಿಗೆ ಕೊಟ್ಟಾಯ್ತು. ಬಂದರಿನ ತೂಕದ ಗುಮಾಸ್ತನ ಪಿಂಚಣೀಲಿ ಒಂದು ತೋಳು ಹೊಲಿಸಬಹುದು ಅಷ್ಟೆ. ಇನ್ನೊಂದು ತೋಳಿಗೆ ಇನ್ನೊಬ್ಬಳು ಮಗಳು ಬೇಕು."

"ಹಾಗಾದ್ರೆ ಹೊಟ್ಟೇನ ಕುಗ್ಗಿಸಿ. ಹಿಟ್ಟು, ಸಕ್ಕರೆ, ಆಲೂಗಡ್ಡೆ, ಜೋಳದ ಮುದ್ದೆ, ಎಲ್ಲಾ ಬಿಡಿ."

"ಬಿಟ್ಟು ಏನು ತಿನ್ನಲಿ?"

"ಮಾಂಸ, ಮೀನು, ಮೊಟ್ಟೆ, ಚೀಸು, ಸೊಪ್ಪು."

ನಿಕಾನೋರ್ ದೀರ್ಘವಾಗಿ ನಿಟ್ಟುಸಿರು ಬಿಟ್ಟ. ಕೋಟು ಇನ್ನಷ್ಟು ತೆರೆದುಕೊಂಡಿತು. "ಅಂದ್ರೆ ಬೀಗರ ಹಾಗೆ ತೆಳ್ಳಗಾಗಬೇಕಾದ್ರೆ ಮೊದಲು ಬೀಗರ ಹಾಗೆ ಶ್ರೀಮಂತನಾಗಬೇಕು ಅನ್ನಿ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಪ್ರಪಂಚದಲ್ಲಿ ಅಗ್ಗವಾಗಿ ಸಿಗುವುದೆಲ್ಲ ಪಿಷ್ಟ. ಬಡವನ ಹೊಟ್ಟೆ ತುಂಬಿಸುವ ವಸ್ತುವೇ ಅದನ್ನು ಉಬ್ಬಿಸುತ್ತದೆ, ಆಮೇಲೆ ಊರಿನವರು ಅವನನ್ನು ನೋಡಿ, ಚೆನ್ನಾಗಿ ತಿಂದುಂಡ ಮನುಷ್ಯ ಎನ್ನುತ್ತಾರೆ. ಆದರೆ ಬಂದರಿನಲ್ಲಿ ಜೀವಮಾನವಿಡೀ ಧಾನ್ಯ ತೂಗಿದವನು ಒಂದು ದಾರಿ ಕಂಡುಕೊಂಡ. ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಹೋದರೆ ಕೋಳಿಯ ಲಿವರ್, ಕತ್ತು, ಚರ್ಮ, ಮೀನಿನ ತಲೆ, ಹೊರಗಿನ ಎಲೆ ಬಾಡಿದ ಎಲೆಕೋಸು ಇವೆಲ್ಲ ಬ್ರೆಡ್ಡಿನ ಬೆಲೆಗೇ ಸಿಗುತ್ತಿದ್ದವು. ಬಿರುಕುಬಿಟ್ಟ ಮೊಟ್ಟೆಗೆ ಅರ್ಧ ಬೆಲೆ. ನಿಕಾನೋರ್ ಕೆಲವು ಮೊಟ್ಟೆಗಳ ಮುಂದೆ ಅವು ಬಿರುಕು ಬಿಡಲಿ ಎಂದು ಕಾದು ನಿಂತಿದ್ದನಂತೆ.

ತೊಂದರೆ ಬಂದದ್ದು ಪಂಚಾಂಗದಿಂದ. ಅದೇ ವಾರ ಈಸ್ಟರಿಗೆ ಮುಂಚಿನ ಏಳು ವಾರಗಳ ದೊಡ್ಡ ಉಪವಾಸ ಆರಂಭವಾಯಿತು. ಆ ಉಪವಾಸದಲ್ಲಿ ನಾವು ಬಿಡುವುದು ಮಾಂಸ, ಮೊಟ್ಟೆ, ಹಾಲು. ತಿನ್ನುವುದು ಬ್ರೆಡ್ಡು, ಆಲೂಗಡ್ಡೆ, ಜೋಳದ ಮುದ್ದೆ. ನಿಕಾನೋರನ ಪಥ್ಯವನ್ನು ತಲೆಕೆಳಗು ಮಾಡಿದರೆ ಉಪವಾಸ, ಉಪವಾಸವನ್ನು ತಲೆಕೆಳಗು ಮಾಡಿದರೆ ನಿಕಾನೋರ್. ಇಡೀ ಕಟ್ಟಡ ಬೇಯಿಸಿದ ಆಲೂಗಡ್ಡೆಯ ಮುಂದೆ ಪಶ್ಚಾತ್ತಾಪ ಪಡುತ್ತಿರುವಾಗ ಅವನ ಅಡುಗೆಮನೆಯಿಂದ ಕೋಳಿ ಲಿವರ್ ಹುರಿಯುವ ವಾಸನೆ ಮೆಟ್ಟಿಲು ಹತ್ತಿ ಹೊರಟಿತು.

ಮೊದಲು ಮೂಗು ಎತ್ತಿದ್ದು ಮೇಲಿನ ಮನೆಯ ಸಾಫ್ತಕ್ಕ. ಬಂದರಿನ ಕ್ರೇನ್ ಚಾಲಕ ಇಲಾರಿಯೋನನ ವಿಧವೆ. ಇಲಾರಿಯೋನ್ ಬದುಕಿದ್ದಾಗ ಬಾಗಿಲಿನೊಳಗೆ ಓರೆಯಾಗಿ ಬರುತ್ತಿದ್ದ ಗಾತ್ರದ ಆಸಾಮಿ.

"ಏನು ನಿಕಾನೋರಣ್ಣ, ಉಪವಾಸದಲ್ಲಿ ಲಿವರ್ ವಾಸನೆ?"

"ಬೆಕ್ಕಿಗೆ, ಸಾಫ್ತಕ್ಕ."

"ಬೆಕ್ಕು ಯಾವಾಗ ತಂದ್ರಿ?"

"ಅದೇ ಬಂತು."

"ಬೆಕ್ಕಿಗೆ ಯಾರಾದ್ರೂ ಹುರಿದು ಕೊಡ್ತಾರಾ?"

"ಹಸೀದು ಮುಟ್ಟೋದೇ ಇಲ್ಲ ಅದು. ಈರುಳ್ಳಿ ಬೇರೆ ಕೇಳುತ್ತೆ."

ಅವನು ನಿಜ ಹೇಳಿಬಿಡಬಹುದಿತ್ತು. ಆದರೆ ಪಥ್ಯ ಎಂದರೆ ಯಾಕೆ ಎನ್ನುತ್ತಾರೆ, ಸೂಟಿಗೆ ಎಂದರೆ ಆ ಮಾತು ಸಂಜೆಯೊಳಗೆ ಲಾಸ್ಕರ್ ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡು ಕೂತಿರುತ್ತದೆ. ಆದ್ದರಿಂದ ಇಲ್ಲದ ಬೆಕ್ಕಿಗೆ ಹೆಸರೂ ಇಡಬೇಕಾಯಿತು. ಕೇಳಿದವರಿಗೆ ಒಮ್ಮೆ ಮಿತ್ಸಾ ಅಂದ, ಇನ್ನೊಮ್ಮೆ ಬೇರೇನೋ ಅಂದ.

ಕಟ್ಟಡದ ಬುಡದಲ್ಲಿ ಬ್ರೆಡ್ಡು ಮಾರುವ ಗೂಡಂಗಡಿಯವಳು, ನಿಕಾನೋರ್ ತನ್ನ ಕಡೆ ತಿರುಗಿಯೂ ನೋಡುತ್ತಿಲ್ಲ ಎಂದು ಹೇಳಿದಾಗ ಸಾಫ್ತಕ್ಕನ ತಲೆಯಲ್ಲಿ ಲೆಕ್ಕ ಕೂಡಿಕೊಂಡಿತು. ಬ್ರೆಡ್ಡು ಕೊಳ್ಳುವುದಿಲ್ಲ. ಮುಖ ಇಳಿದಿದೆ. ಮಾರುಕಟ್ಟೆ ಮುಚ್ಚಿದ ಮೇಲೆ ಅಳಿದುಳಿದದ್ದನ್ನು ಆರಿಸುತ್ತಾನೆ. ಅದನ್ನೂ ತಾನು ತಿನ್ನದೆ ಬೆಕ್ಕಿಗೆ ಹಾಕುತ್ತಾನೆ!

"ಮಗಳ ಮದುವೆ ಅವರನ್ನ ಬರಿಗೈ ಮಾಡಿದೆ ಟೀಚರ್" ಎಂದು ನನ್ನ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. "ಬಾಯಿಬಿಟ್ಟು ಹೇಳಲ್ಲ ಪಾಪ, ಮರ್ಯಾದಸ್ಥರು. ಇನ್ನು ಮೇಲೆ ನಮ್ಮನೆಯವರ ಪೊಮಾನಾ ಅವರಿಗೇ."

ಪೊಮಾನಾ ಎಂದರೆ ಸತ್ತವರ ಹೆಸರಿನಲ್ಲಿ ಕೊಡುವ ದಾನ. ಇಲ್ಲಿ ಯಾರ ಕೈಗೆ ಕೊಟ್ಟರೂ ಅಲ್ಲಿ ಅದು ಸತ್ತವರಿಗೆ ಮುಟ್ಟುತ್ತದೆ. ಉಪವಾಸದ ಕಾಲದ ಶನಿವಾರಗಳು ಸತ್ತವರದು. ಅಂದು ವಿಧವೆಯರು ಜಡೆಯಂತೆ ಹೆಣೆದ ಕೊಲಾಕ್ ಎಂಬ ಬ್ರೆಡ್ಡು ಸುಟ್ಟು, ನಡುವೆ ಮೇಣದಬತ್ತಿ ಚುಚ್ಚಿ, ನೆರೆಮನೆಗಳಿಗೆ ಹಂಚುತ್ತಾರೆ. ಪಡೆದವರು "ದೇವರು ಅವರನ್ನು ಕ್ಷಮಿಸಲಿ" ಎನ್ನಬೇಕು. ಬೇಡ ಎನ್ನುವಂತಿಲ್ಲ. ಬೇಡ ಎಂದರೆ ಸತ್ತವರ ಬಾಯಿಂದ ತುತ್ತು ಕಸಿದ ಹಾಗೆ.

ಶನಿವಾರ ಸಾಫ್ತಕ್ಕ ಬಂದಳು. ಕೊಲಾಕ್ ಎಂದರೆ ಕೊಲಾಕ್ ಅಲ್ಲ, ಎತ್ತಿನ ಗಾಡಿಯ ಚಕ್ರ. ಇಲಾರಿಯೋನನ ಹಸಿವಿನ ಅಳತೆಗೆ ಮಾಡಿದ್ದು. ಜಡೆಯ ಪ್ರತಿ ತಿರುವಿನಲ್ಲೂ ಒಂದೊಂದು ಲವಂಗ.

"ಸಾಫ್ತಕ್ಕ, ನನಗೆ ಹೊಟ್ಟೆ ಸ್ವಲ್ಪ..."

"ಗೊತ್ತು ನಿಕಾನೋರಣ್ಣ, ಗೊತ್ತು. ಹೊಟ್ಟೆ ವಿಷಯ ನನ್ನ ಹತ್ರ ಹೇಳ್ಬೇಕಾ? ಹಿಡೀರಿ. ಬೆಕ್ಕಿಗೆ ಕೊಡಬೇಡಿ, ನೀವೇ ತಿನ್ನಿ."

"ದೇವರು ಅವರನ್ನು ಕ್ಷಮಿಸಲಿ" ಅಂದ ನಿಕಾನೋರ್.

ಕೋಟಿನ ಗುಂಡಿ ಆ ವೇಳೆಗೆ ಎರಡು ಬೆರಳು ಹತ್ತಿರ ಬಂದಿತ್ತು. ಮೇಜಿನ ಮೇಲೆ ಆ ಚಕ್ರ ಘಮಘಮಿಸುತ್ತಿತ್ತು. ತಿಂದರೆ ಸೂಟು ಹೋಯಿತು. ಎಸೆಯೋಣವೆಂದರೆ, ನೆಲಕ್ಕೆ ಬಿದ್ದ ಬ್ರೆಡ್ಡಿನ ಚೂರನ್ನೂ ಮುತ್ತಿಟ್ಟು ಎತ್ತುವವರು ನಾವು. ಪಾರಿವಾಳಗಳಿಗೆ ಹಾಕೋಣವೆಂದರೆ, ಪಾರಿವಾಳಗಳಿಗೆ ಆಹಾರ ಹಾಕಿದವರಿಗೆ ದಂಡ ಎಂದು ಕಟ್ಟಡದ ಆಡಳಿತಾಧಿಕಾರಿ ಒಪ್ರಿಶಾನ್ ಬಾಗಿಲಿಗೇ ಫಲಕ ಹಾಕಿದ್ದ. ನಿಕಾನೋರ್ ನನ್ನ ಬಳಿ ಓಡಿ ಬಂದ.

"ಟೀಚರ್, ನನಗೂ ಸತ್ತ ಹೆಂಡತಿ ಇದ್ದಾಳಲ್ಲ?"

"ಇದ್ದಾರೆ."

"ಅವಳಿಗೂ ಶನಿವಾರ ಉಂಟಲ್ಲ?"

ಏನು ಮಾಡಲು ಹೊರಟಿದ್ದಾನೆಂದು ನನಗೆ ತಿಳಿಯುವ ಮೊದಲೇ, ಸುಟ್ಟ ಮೇಣದಬತ್ತಿ ಕಿತ್ತು ಅದೇ ತೂತಿಗೆ ಹೊಸದೊಂದನ್ನು ಚುಚ್ಚಿ, ಕೊನೆಯ ಮಹಡಿಯ ಫೆವ್ರೋನಿಯಾ ಅಜ್ಜಿಯ ಮನೆಗೆ ಹತ್ತಿದ. "ನನ್ನ ಅಸ್ಪಾಸಿಯಾ ಹೆಸರಲ್ಲಿ, ಅಜ್ಜಿ." ಅಜ್ಜಿ ಕ್ಷಮಿಸಲಿ ಅಂದಳು. ನಿಕಾನೋರ್ ಹಗುರಾಗಿ ಇಳಿದು ಬಂದ. ಪ್ರತಿ ಶನಿವಾರವೂ ಹೀಗೇ ನಡೆಯಿತು. ಗುಂಡಿ, ತೂತು ಒಂದನ್ನೊಂದು ಗುರುತಿಸುವಷ್ಟು ಹತ್ತಿರ ಬಂದವು.

ಬ್ರೆಡ್ಡಿನ ಮುಂದಿನ ಚಲನೆ ನಮಗೆ ಆಮೇಲೆ ತಿಳಿದದ್ದು. ಅಜ್ಜಿಗೆ ಹಲ್ಲಿರಲಿಲ್ಲ. ಆದರೆ ಸತ್ತ ತಂಗಿ ಇದ್ದಳು. ತಂಗಿಯ ಹೆಸರಿನಲ್ಲಿ ಕೊಲಾಕ್ ಒಪ್ರಿಶಾನ್ ಮನೆಗೆ ಇಳಿಯುತ್ತಿತ್ತು. ಒಪ್ರಿಶಾನನ ಹೆಂಡತಿಗೆ ಬ್ರೆಡ್ಡು ಸುಡುವುದು ಬೇಸರ, ಅವನಿಗೆ ಹಿಟ್ಟಿನ ಖರ್ಚು ಬೇಸರ. ಅದು ಅವನ ದಿವಂಗತ ತಾಯಿಯ ಹೆಸರಿನಲ್ಲಿ ಚರ್ಚಿಗೆ ಹೋಗುತ್ತಿತ್ತು. ಮಕ್ಕಳಿಗೆ ಪಾಠ ಹೇಳುವಾಗ ನಾನು ದ್ರವ್ಯರಾಶಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಎನ್ನುತ್ತಿದ್ದೆ. ಇಲ್ಲಿ ರೂಪವೂ ಬದಲಾಗುತ್ತಿರಲಿಲ್ಲ, ಸತ್ತವರು ಬದಲಾಗುತ್ತಿದ್ದರು.

ಉಪವಾಸದ ಕೊನೆಯ ಶನಿವಾರ ಒಪ್ರಿಶಾನನಿಗೆ ಮಂಡಿನೋವು. ಚರ್ಚಿನವರೆಗೆ ಯಾರು ನಡೆದಾರು ಎಂದು ಹತ್ತಿರದ ಬಾಗಿಲು ತಟ್ಟಿದ. ಅದು ಸಾಫ್ತಕ್ಕನ ಬಾಗಿಲು.

ಸಾಫ್ತಕ್ಕ "ದೇವರು ಅವರನ್ನು" ಎನ್ನುವವರೆಗೆ ಹೇಳಿದಳು. ಕ್ಷಮೆ ಬಾಯಲ್ಲೇ ಉಳಿಯಿತು. ಲವಂಗ ನೋಡಿದಳು, ಜಡೆ ನೋಡಿದಳು, ತಿರುಗಿಸಿ ತಳದಲ್ಲಿ ತನ್ನ ಒಲೆಯ ತಟ್ಟೆ ಬಿಟ್ಟ ಕರಿಕಲೆ ನೋಡಿದಳು. ಆಮೇಲೆ ಹೊರಟ ಕೂಗು ಮೆಟ್ಟಿಲುಗಳುದ್ದಕ್ಕೂ ಕೆಳಗಿನವರೆಗೆ ಇಳಿದು ಮತ್ತೆ ಮೇಲೆ ಬಂತು.

"ಅಯ್ಯೋ ಇಲಾರಿಯೋನ್! ಅದಕ್ಕೇ ನೀನು ಕನಸಲ್ಲಿ ಸೊರಗಿ ನಿಂತಿದ್ದು! ಬನಿಯನ್ ಜೋಲಾಡ್ತಿತ್ತಲ್ಲೋ!"

ನೆಲಮಹಡಿಯಲ್ಲಿ ಸೈಕಲ್ಲು, ಮಕ್ಕಳ ಗಾಡಿ ಇಡುವ ಕೋಣೆಯಲ್ಲಿ ಸಭೆ ಸೇರಿತು. ಒಪ್ರಿಶಾನ್ ಅಧ್ಯಕ್ಷ, ಆರೋಪಿಯೂ ಅವನೇ. ಮೇಜಿನ ಮೇಲೆ ಕೊಲಾಕ್, ತೂತು ಮೇಲಕ್ಕೆ. ಎಫ್ತಿಮಿ ಪಾದ್ರಿಗಳನ್ನೂ ಕರೆಸಿದ್ದಾಯಿತು.

"ನನಗೆ ಕೊಟ್ಟಿದ್ದು ಫೆವ್ರೋನಿಯಾ ಅಜ್ಜಿ" ಎಂದ ಒಪ್ರಿಶಾನ್.

"ನನಗೆ ಕೊಟ್ಟಿದ್ದು ನಿಕಾನೋರ" ಎಂದಳು ಅಜ್ಜಿ.

ಎಲ್ಲರೂ ನಿಕಾನೋರನ ಕಡೆ ತಿರುಗಿದರು. ಅವನು ಕೊಲಾಕಿನ ಕಡೆ ತಿರುಗಿದ. ಅದರ ಆಚೆಗೆ ತೋರಿಸಲು ಯಾರೂ ಇರಲಿಲ್ಲ.

"ಇಷ್ಟು ಶನಿವಾರ ನಮ್ಮನೆಯವರ ಊಟ ನಿಮ್ಮ ಹೆಂಡತಿ ಉಂಡ್ರಾ ನಿಕಾನೋರಣ್ಣ?" ಸಾಫ್ತಕ್ಕ ಕೊಲಾಕನ್ನು ಅವನತ್ತ ತಳ್ಳಿದಳು. "ಅಸ್ಪಾಸಿಯಾ ಗುಬ್ಬಿ ಹಾಗೆ ತಿನ್ನೋಳು. ಅಷ್ಟು ದೊಡ್ಡದನ್ನ ಏನು ಮಾಡಿದ್ಲು ಅಲ್ಲಿ?"

"ಅವಳಿಗೂ ಮುಟ್ಟಿರಲ್ಲ. ನನ್ನ ತಂಗಿಗೆ ಹೋಗಿರುತ್ತೆ" ಎಂದಳು ಅಜ್ಜಿ.

"ಕ್ರಮಬದ್ಧವಾಗಿ ನೋಡಿದ್ರೆ ನಮ್ಮಮ್ಮನಿಗೆ" ಎಂದ ಒಪ್ರಿಶಾನ್. ನಂತರ ಅಧ್ಯಕ್ಷ ಸ್ಥಾನ ನೆನಪಾಗಿ, "ಜೊತೆಗೆ ಆ ಬೆಕ್ಕಿನ ವಿಷಯ. ಕಟ್ಟಡಕ್ಕೆ ತಿಳಿಸಿಲ್ಲ. ನೀರಿನ ಬಾಬ್ತು ಕಟ್ಟಿಲ್ಲ" ಅಂದ.

"ಫಾದರ್, ಉಳಿದ ಶನಿವಾರದ್ದೆಲ್ಲ ನಿಮಗೇ ಬಂತಲ್ಲ?" ಸಾಫ್ತಕ್ಕ ಆಸೆಯಿಂದ ಪಾದ್ರಿಗಳನ್ನು ಕೇಳಿದಳು. "ನೀವಾದ್ರೂ ತಿಂದ್ರಾ?"

ಎಫ್ತಿಮಿ ಪಾದ್ರಿಗಳು ಸೀಲಿಂಗಿನ ಕೊಳವೆಗಳನ್ನು ಪರೀಕ್ಷಿಸಿದರು. "ನನಗೆ ಸಕ್ಕರೆ ಕಾಯಿಲೆಯಮ್ಮ. ಗಂಟೆ ಬಾರಿಸೋನಿಗೆ ಕೊಟ್ಟೆ."

"ಅವನು ತಿಂದ್ನಾ?"

"ಅವನಿಗೂ ಸತ್ತವರಿದ್ದಾರೆ."

ಇಡೀ ಬ್ರಾಯಿಲಾದಲ್ಲಿ ಆ ಕೊಲಾಕ್‌ಗಳು ಇನ್ನೂ ಎಲ್ಲೆಲ್ಲಿ ಮೇಣದಬತ್ತಿ ಹೊತ್ತು ಓಡಾಡುತ್ತಿವೆಯೋ ಎಂದು ಎಲ್ಲರೂ ಯೋಚಿಸುತ್ತಿದ್ದಂತೆ ಕಂಡಿತು.

ಆಗ ನಿಕಾನೋರ್ ಬಾಯಿಬಿಟ್ಟ. ಬೆಕ್ಕಿಲ್ಲ ಎಂದ. ಲಿವರ್ ತಿಂದದ್ದು ತಾನೇ ಎಂದ. ಬೀಗರ ಮುಂದೆ ಕೊಚ್ಚಿಕೊಂಡದ್ದು, ಸೂಟು, ಗುಂಡಿ, ಪಥ್ಯ, ಎಲ್ಲವನ್ನೂ ಹೇಳಿದ. "ಹಿಟ್ಟಿನದು ತಿಂದ್ರೆ ದಪ್ಪ ಆಗ್ತಾರೆ. ಅದಕ್ಕೇ ಬ್ರೆಡ್ಡು ಬಿಟ್ಟೆ. ಬೇಕಿದ್ರೆ ಟೀಚರನ್ನ ಕೇಳಿ."

ನಾನು ಹೌದೆಂದು ತಲೆಯಾಡಿಸಿದೆ. ಯಾರೂ ನನ್ನ ಕಡೆ ನೋಡಲಿಲ್ಲ.

"ಬ್ರೆಡ್ಡು ಬಿಟ್ಟು ತೆಳ್ಳಗಾಗೋದಕ್ಕೆ ಈಗ ಪಥ್ಯ ಅಂತಾರಾ?" ಅಂದಳು ಫೆವ್ರೋನಿಯಾ ಅಜ್ಜಿ. "ನಮ್ಮ ಕಾಲದಲ್ಲಿ ಬರಗಾಲ ಅಂತಿದ್ವಿ."

ಸಾಫ್ತಕ್ಕನ ಕಣ್ಣಲ್ಲಿ ಕೋಪ ಕರಗಿ ನೀರಾಗಿತ್ತು. ನನ್ನ ಕಿವಿಗೆ ಬಾಗಿ ಪಿಸುಗುಟ್ಟಿದಳು: "ಎಂಥಾ ಕಥೆ ಕಟ್ತಿದ್ದಾರೆ ನೋಡಿ, ಬಡತನ ಮುಚ್ಚಿಡೋಕೆ. ಮಗಳ ಮದುವೆಗೆ ಒಂದು ಸೂಟಿಗೂ ಗತಿಯಿಲ್ಲ!"

ಪಾದ್ರಿಗಳು ಗಡ್ಡ ನೀವಿಕೊಂಡು ತೀರ್ಪು ಕೊಟ್ಟರು. "ಕೊಟ್ಟರೆ ಸಾಲದು, ಪಡೆದವನು ತಿಂದರೇ ಸತ್ತವನಿಗೆ ಮುಟ್ಟೋದು. ಮೊದಲು ಪಡೆದವನು ನಿಕಾನೋರ. ಇಲಾರಿಯೋನನ ಬಾಕಿ ಅವನ ತಲೆ ಮೇಲಿದೆ. ಆದರೆ ಈಗ ಉಪವಾಸ, ಹೊಟ್ಟೆಬಾಕತನಕ್ಕೆ ನಾನು ಅಪ್ಪಣೆ ಕೊಡಲಾರೆ. ಈಸ್ಟರ್ ಕಳೆದು ಮಗಳ ಮದುವೆ ಇದೆಯಲ್ಲ? ಆ ಊಟದಲ್ಲಿ ಇಲಾರಿಯೋನನ ಹೆಸರು ಹೇಳಿ ಉಂಡು ತೀರಿಸು."

ನಿಕಾನೋರನ ಮುಖ ಅರಳಿತು. ಮದುವೆಯ ಊಟ ಬರುವುದು ಚರ್ಚಿನ ವಿಧಿ, ಫೋಟೋ ಎಲ್ಲ ಮುಗಿದ ಮೇಲೆ. ಅಲ್ಲಿಯವರೆಗೆ ಸೂಟು ಕ್ಷೇಮ.

ಮದುವೆಯ ಹಿಂದಿನ ದಿನ ಕೋಟಿನ ಗುಂಡಿ ತೂತಿನೊಳಗೆ ಹೋಯಿತು. ನಾನೇ ಸಾಕ್ಷಿ. ಉಸಿರಾಡಿದ, ಬಗ್ಗಿದ, ಎದ್ದ, ಒಮ್ಮೆ ಕುಣಿದೂ ನೋಡಿದ. ಗುಂಡಿ ಅಲುಗಲಿಲ್ಲ. ಕನ್ನಡಿಯ ಮುಂದೆ ನಿಂತು ಎಡಗೈಯಿಂದ ಬಟ್ಟೆ ಸವರಿಕೊಂಡ. "ಅಸ್ಪಾಸಿಯಾ ಅಂಗಡೀಲಿ ಇದನ್ನ ಬೆಳಕಿಗೆ ಹಿಡಿದು ನೋಡಿದ್ಲು, ಟೀಚರ್. ಬಣ್ಣ ಹೋಗಲ್ಲ ಅಂದಿದ್ಲು. ಹೋಗಿಲ್ಲ ನೋಡಿ" ಅಂದ.

ಅಷ್ಟರಲ್ಲಿ ಬಾಗಿಲು ಬಡಿಯಿತು. ಸಾಫ್ತಕ್ಕ, ತೋಳಿನ ತುಂಬ ಬಿಳಿ ಬಟ್ಟೆ ಹೊದಿಸಿದ ಗಂಟು, ಮೇಲೆ ಉರಿಯುವ ಮೇಣದಬತ್ತಿ.

"ನಮ್ಮ ಇಲಾರಿಯೋನ್ ಹೆಸರಲ್ಲಿ, ನಿಕಾನೋರಣ್ಣ."

"ದೇವರು ಅವರನ್ನು ಕ್ಷಮಿಸಲಿ" ಎಂದಿತು ನಿಕಾನೋರನ ನಾಲಿಗೆ. ಇಷ್ಟು ಶನಿವಾರಗಳ ಅಭ್ಯಾಸ ಅದಕ್ಕೆ. ಗಂಟಿನಲ್ಲೇನಿದೆ ಎಂದು ಕಣ್ಣು ನೋಡುವ ಮೊದಲೇ ವ್ಯವಹಾರ ಮುಗಿದುಹೋಗಿತ್ತು.

ಒಳಗಿದ್ದದ್ದು ಇಲಾರಿಯೋನನ ಕಂದುಬಣ್ಣದ ಸೂಟು.

"ಕನಸಲ್ಲಿ ಬನಿಯನ್ನಲ್ಲಿ ನಡುಗ್ತಾ ನಿಂತಿದ್ರು. ನೀವು ಹಾಕ್ಕೊಂಡ್ರೆ ಅವರಿಗೆ ಮೈ ಮುಚ್ಚುತ್ತೆ, ನಿಮಗೆ ಮಾನ ಮುಚ್ಚುತ್ತೆ. ನಾಳೆ ಮದುವೆಗೆ ಇದೇ."

"ಸಾಫ್ತಕ್ಕ, ನನ್ನದೇ ಸೂಟು ಈಗ ಆಗುತ್ತೆ! ನೋಡಿ, ಗುಂಡಿ ನೋಡಿ!"

"ನನ್ನ ಹತ್ರ ಸಂಕೋಚ ಯಾಕೆ?" ಎಂದು ಅವಳು ಕೈಸನ್ನೆಯಲ್ಲೇ ಅವನ ಬಾಯಿ ಮುಚ್ಚಿಸಿದಳು. "ಈ ಸಲ ಯಾರಿಗೂ ದಾಟಿಸಬೇಡಿ ಮತ್ತೆ. ನಾನು ಚರ್ಚಿನಲ್ಲಿ ಮುಂದಿನ ಸಾಲಲ್ಲೇ ನಿಂತಿರ್ತೀನಿ."

ಮರುದಿನ ಚರ್ಚಿನ ಬಾಗಿಲಲ್ಲಿ ನಿಕಾನೋರ್ ಕಾಣಿಸಿಕೊಂಡಾಗ, ಅವನನ್ನು ಕೊಲಾಕ್‌ನ ಹಾಗೆ ಯಾರೋ ಬಟ್ಟೆಯಲ್ಲಿ ಸುತ್ತಿ ಕಳಿಸಿದಂತಿತ್ತು. ಒಳಗೆ ಅಸ್ಪಾಸಿಯಾ ಆರಿಸಿದ ಕಡುನೀಲಿ ಸೂಟು, ಗುಂಡಿ ಹಾಕಿ. ಅದರ ಮೇಲೆ ಇಲಾರಿಯೋನನ ಕಂದು ಸೂಟು, ಪ್ಯಾಂಟಿನ ಸಮೇತ, ಸೊಂಟಕ್ಕೆ ಹಗ್ಗ ಬಿಗಿದು. ಮುಖದಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು.

ಲಾಸ್ಕರ್ ಹತ್ತಿರ ಬಂದರು. ಬುಖಾರೆಸ್ಟಿನ ಸೂಟು, ನೇರಳೆ ಕರವಸ್ತ್ರ. "ಬೀಗರೇ, ಇಷ್ಟು ಬಿಸಿಲಲ್ಲಿ ಓವರ್‌ಕೋಟು ಯಾಕೆ?"

ಸಾಫ್ತಕ್ಕ ಕಂಬದ ಪಕ್ಕ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಓವರ್‌ಕೋಟಲ್ಲ ಬೀಗರೇ, ಸೂಟು" ಎಂದ ನಿಕಾನೋರ್, ಹೊರಗಿನ ಕೋಟನ್ನು ಸ್ವಲ್ಪ ಸರಿಸಿ. "ಒಳಗಿರೋದೂ ಸೂಟೇ."

ಲಾಸ್ಕರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗುಂಡಿ ನೋಡಿದರು. ಕಂದಿನ ಅಂಚಿನಲ್ಲಿ ಇಣುಕುವ ನೀಲಿ ನೋಡಿದರು. ನಿಧಾನವಾಗಿ ಅವರ ಮುಖದಲ್ಲಿ ಅಸೂಯೆ ಮೂಡಿತು.

"ಈಗ ಹೀಗೆ ಬಂದಿದೆಯಾ?" ಎಂದು ದನಿ ತಗ್ಗಿಸಿ ಕೇಳಿದರು. "ಬುಖಾರೆಸ್ಟಿನಲ್ಲಿ ನನಗೆ ಯಾರೂ ಹೇಳಲೇ ಇಲ್ಲ."

ರುಕ್ಸಾಂದ್ರಾ ಅಪ್ಪನ ತೋಳು ಹಿಡಿಯುವ ನೆಪದಲ್ಲಿ ಕಂದು ತೋಳಿನೊಳಗೆ ಕೈತೂರಿಸಿ ನೀಲಿಯನ್ನು ಮುಟ್ಟಿದಳು. ವಿಧಿ ಮುಗಿಯುವವರೆಗೂ ಕೈ ಅಲ್ಲೇ ಇತ್ತು.

ಊಟದ ಹಾಲ್‌ನಲ್ಲಿ ಸಾಫ್ತಕ್ಕ ನಿಕಾನೋರನ ಎದುರಿಗೇ ಕೂತಳು. ಬಾಕಿ ವಸೂಲಿ ಶುರುವಾಯಿತು.

"ಎಲೆಕೋಸಿನ ಕಡುಬು ಅವರಿಗೆ ಇಷ್ಟ, ಹಾಕ್ಕೊಳ್ಳಿ. ಜೊತೆಗೆ ಜೋಳದ ಮುದ್ದೆ ಇಲ್ದೆ ಮುಟ್ಟೋರೇ ಅಲ್ಲ... ಬ್ರೆಡ್ಡು ತ‌ಗೊಳ್ಳಿ, ಸಾರಿಗೆ ಅದ್ದಿ. ಹೀಗಲ್ಲ, ಅವರು ತುಂಡು ದೊಡ್ಡದು ಮಾಡೋರು."

"ದೇವರು ಅವರನ್ನು ಕ್ಷಮಿಸಲಿ" ಎನ್ನುತ್ತ ನಿಕಾನೋರ್ ನುಂಗಿದ. ಮೊದಲ ಬ್ರೆಡ್ಡಿನ ತುತ್ತಿಗೆ ಅವನ ಕಣ್ಣಲ್ಲಿ ನೀರು ಬಂತು. ಸಾಫ್ತಕ್ಕ ಅದನ್ನು ಭಕ್ತಿ ಎಂದು ತಿಳಿದಳು. ಎಷ್ಟೋ ವಾರ ಬ್ರೆಡ್ಡು ಬಿಟ್ಟವನ ಬಾಯಿಗೆ ಬ್ರೆಡ್ಡು ಬಿದ್ದಾಗ ಏನಾಗುತ್ತದೆ ಎಂಬುದು ಶರೀರಶಾಸ್ತ್ರದ ವಿಷಯ, ನಾನು ಬಾಯಿ ಹಾಕಲಿಲ್ಲ. ಕೇಕು ಬರುವ ಹೊತ್ತಿಗೆ ಅವನು ಹೇಳಿಸಿಕೊಳ್ಳದೆಯೇ ತಿನ್ನುತ್ತಿದ್ದ.

"ಕ್ರೀಮ್ ಅಂದ್ರೆ ಅವರಿಗೆ ಪ್ರಾಣ" ಎಂದಳು ಸಾಫ್ತಕ್ಕ, ಎರಡನೆಯ ತುಂಡನ್ನೂ ತಟ್ಟೆಗೆ ಜಾರಿಸುತ್ತ.

ಆಗ ಕಂದು ಸೂಟಿನ ಒಳಗಿನಿಂದ ಟಪ್ ಎಂಬ ಸಣ್ಣ ಸದ್ದು ಬಂತು. ಕಡುನೀಲಿ ಗುಂಡಿಯೊಂದು ಮೇಜಿನ ಮೇಲೆ ಹಾರಿ ಲಾಸ್ಕರರ ದ್ರಾಕ್ಷಾರಸದ ಗ್ಲಾಸಿಗೆ ಬಿತ್ತು. ಹಿಂದೆಯೇ ಸೊಂಟದ ಹಗ್ಗ ಬಿಚ್ಚಿಕೊಂಡಿತು. ಆದರೆ ಪ್ಯಾಂಟು ಬೀಳಲಿಲ್ಲ. ಬೆಳಿಗ್ಗೆ ಗೋಣಿಯಂತೆ ಜೋಲುತ್ತಿದ್ದ ಕಂದು ಸೂಟು ಈಗ ಎದೆ, ಹೊಟ್ಟೆ, ಸೊಂಟ ಎಲ್ಲ ಕಡೆ ತುಂಬಿ ನಿಂತಿತ್ತು.

ಲಾಸ್ಕರ್ ಗ್ಲಾಸಿನ ತಳದ ಗುಂಡಿಯನ್ನೂ ಬೀಗರನ್ನೂ ಒಮ್ಮೆ ನೋಡಿದರು. "ನೀವು ಅವತ್ತು ಹೇಳಿದ್ದು ನಿಜ ಬೀಗರೇ" ಎಂದರು ಸೋತ ದನಿಯಲ್ಲಿ. "ಸೂಟು ಮೈಗೆ ಅಂಟಿದ ಹಾಗೆ ಕೂತಿದೆ."

"ಕೂರದೆ ಏನು?" ಎಂದಳು ಸಾಫ್ತಕ್ಕ, ಸೆರಗಿನಂತೆ ಹೊದ್ದ ಶಾಲಿನ ತುದಿಯಲ್ಲಿ ಕಣ್ಣೊರೆಸಿಕೊಂಡು. "ನಮ್ಮನೆಯವರ ಹೊಟ್ಟೆ ಈಗ ತಾನೆ ತುಂಬ್ತು."